ಹಿಮದಲ್ಲಿ ಹೊರಟ ಕೆಂಪು ಅಂಬಾರಿ

ಜುಂಯ್ಯ್ಯ್ಯ್...

ಉದ್ದಿನಬೇಳೆ ಹಾಕದೆ ಬರೀ ವೆಟ್ ಗ್ರೈಂಡರ್ ಆನ್ ಮಾಡಿದರೆ ಒಂದು ಸದ್ದು ಬರುತ್ತದಲ್ಲ, ಅದಕ್ಕೆ ಸ್ವಲ್ಪ ಕೋಪ ಬೆರೆಸಿಕೊಳ್ಳಿ. ಅದೇ ಸದ್ದು! ಮಂಜುಗಡ್ಡೆಯ ಮೇಲೆ ಸ್ಪೋರ್ಟ್ಸ್ ಕಾರಿನ ಹಿಂದಿನ ಚಕ್ರಗಳು ನಿಂತಲ್ಲೇ ತಿರುಗುವ ಸದ್ದು. ತೊಂಬತ್ತರ ದಶಕದ ಒಂದು ಜನವರಿ ಬೆಳಿಗ್ಗೆ, ಅಮೆರಿಕದ ರಾಲಿಯಲ್ಲಿ, ಪಕ್ಕದ ಮನೆಯವರ ಹುಲ್ಲುಹಾಸಿನ ಮೇಲೆ ಆ ಸದ್ದನ್ನು ಹುಟ್ಟುಹಾಕಿದ ಕೀರ್ತಿ ಸಂಪೂರ್ಣವಾಗಿ ನನಗೇ ಸಲ್ಲತಕ್ಕದ್ದು. ಈಗ ನನ್ನ ಕಿವಿ ಮಂದವಾಗಿದೆ. ಮೊಮ್ಮಗಳು ಪಕ್ಕದಲ್ಲೇ ನಿಂತು ಕೂಗಿದರೂ "ಪಾರ್ಡನ್?" ಅನ್ನುತ್ತೇನೆ. ಆ ಸದ್ದು ಮಾತ್ರ ಇನ್ನೂ ಕ್ರಿಸ್ಟಲ್ ಕ್ಲಿಯರ್.

ಮೊದಲು ಕಾರಿನ ವಿಷಯ. ಐವತ್ತು ತುಂಬಿದ ಗಂಡಸರು ಸಾಧಾರಣವಾಗಿ ಶಾಂತಿ ಹೋಮ ಮಾಡಿಸುತ್ತಾರೆ, ಇಲ್ಲವೇ ಬ್ಲಡ್ ಶುಗರ್ ಟೆಸ್ಟ್ ಮಾಡಿಸುತ್ತಾರೆ. ನಮ್ಮ ಯಜಮಾನರು ಶ್ರೀಧರ್ ಎರಡನ್ನೂ ಬಿಟ್ಟು, ಒಂದು ಶನಿವಾರ ಕೆಂಪು ಕಾರೊಂದನ್ನು ಮನೆಗೆ ತಂದರು. ನೆಲಕ್ಕೆ ಅಂಟಿಕೊಂಡಂತೆ ತಗ್ಗಾದ ಕಾರು. ಬಟ್ಟೆಯ ಟಾಪು. ಎರಡೇ ಸೀಟು.

"ಇದೇನ್ರೀ ಇದು? ಮಗಳು ಹಾಸ್ಟೆಲಿಂದ ಬಂದ್ರೆ ಎಲ್ಲಿ ಕೂರ್ತಾಳೆ?"

"ಸ್ಪೋರ್ಟ್ಸ್ ಕಾರ್ ಕಣೇ ವಿಮಲಾ! ನೋಡಿಲ್ಲಿ, ಟಾಪ್ ಮಡಚಿಬಿಡಬಹುದು."

"ಟಾಪ್ ಮಡಚೋದು ಇರ್ಲಿ. ಅಕ್ಕಿ ಮೂಟೆ ಎಲ್ಲಿ ಇಡೋದು, ಅದು ಹೇಳಿ."

ಅವರು ಹಿಂದಿನ ಡಿಕ್ಕಿ ತೆಗೆದು ತೋರಿಸಿದರು. ನಮ್ಮ ಮನೆಯ ಹಿಟ್ಟಿನ ಡಬ್ಬಿ ಅದಕ್ಕಿಂತ ದೊಡ್ಡದಿತ್ತು.

ಹೀಗೆಲ್ಲ ಮೂಗು ಮುರಿದವಳು ನಾನು, ಒಂದು ತಿಂಗಳು ಕಳೆಯುವುದರೊಳಗೆ ಆ ಕಾರಿನ ಪರಮ ಭಕ್ತೆಯಾಗಿದ್ದೆ! ಏನು ಅದರ ಓಟ! ತಿರುವಿನಲ್ಲಿ ತಿರುಗಿಸುವುದೇ ಬೇಡ, ತಿರುಗಬೇಕು ಎಂದು ಮನಸ್ಸಿನಲ್ಲಿ ಅಂದುಕೊಂಡರೆ ಸಾಕು. ಗೇರ್ ಹಾಕಿದರೆ ಕೇರಂ ಕಾಯಿ ಪಾಕೆಟ್ಟಿಗೆ ಬಿದ್ದ ಹಾಗೆ 'ಟಕ್'. ತಲೆಗೆ ಸ್ಕಾರ್ಫ್ ಕಟ್ಟಿ, ಕಪ್ಪು ಕನ್ನಡಕ ಹಾಕಿ, ಟಾಪ್ ಮಡಚಿ ನಾನು ಲೈಬ್ರರಿಗೆ ಹೊರಟರೆ ಬೀದಿಯ ನಾಯಿಗಳೂ ಎದ್ದು ನಿಂತು ಗೌರವ ಸೂಚಿಸುತ್ತಿದ್ದವು. ವಸಂತ, ಬೇಸಿಗೆ, ಶರತ್ಕಾಲ ಮೂರನ್ನೂ ನಾನೂ ಅದೂ ಜಯಿಸಿದೆವು. ಚಳಿಗಾಲ ಯಾವ ಲೆಕ್ಕ?

ಆ ಜನವರಿಯಲ್ಲಿ ಯಜಮಾನರು ಆಫೀಸಿನ ಕೆಲಸದ ಮೇಲೆ ಅಟ್ಲಾಂಟಾಕ್ಕೆ ಹೊರಟರು. ಅಲ್ಲಿನ ಇಂಡಿಯನ್ ಅಂಗಡಿಯಿಂದ ಅಕ್ಕಿ, ಬೇಳೆ ತರುವುದಿತ್ತಾದ್ದರಿಂದ ದೊಡ್ಡ ಕಾರು ಒಯ್ದರು. ಹೊರಡುವಾಗ ಒಂದು ಉಪದೇಶ ಮಾಡಿದರು.

"ನೋಡು, ಸ್ನೋ ಬೀಳಬಹುದು ಅಂತಿದ್ದಾರೆ. ಬಿದ್ರೆ ಆ ಕೆಂಪು ಕಾರ್ ಮುಟ್ಟಬೇಡ. ಅದು ರಿಯರ್ ವೀಲ್ ಡ್ರೈವ್."

"ಹಾಗಂದ್ರೆ?"

"ಎಂಜಿನ್ ಶಕ್ತಿ ಎಲ್ಲಾ ಹಿಂದಿನ ಚಕ್ರಕ್ಕೆ ಹೋಗತ್ತೆ. ಎತ್ತು ಮುಂದೆ ನಿಂತು ಗಾಡಿ ಎಳೆಯೋ ಬದಲು ಹಿಂದೆ ನಿಂತು ತಳ್ಳಿದ ಹಾಗೆ. ಹಿಂದೆ ಭಾರ ಇಲ್ಲ, ಹಿಮದಲ್ಲಿ ಜಾರತ್ತೆ."

ನಾನು ಗಂಭೀರವಾಗಿ ತಲೆ ಆಡಿಸಿದೆ. ಮನಸ್ಸಿನಲ್ಲಿ ಮಾತ್ರ, ಎಂಜಿನಿಯರ್ ಗಂಡಂದಿರು ಎಲ್ಲವನ್ನೂ ಕಾಂಪ್ಲಿಕೇಟ್ ಮಾಡುತ್ತಾರೆ ಎಂದುಕೊಂಡೆ. ನಾಲ್ಕು ಚಕ್ರ ಇದ್ದ ಮೇಲೆ ನಾಲ್ಕೂ ತಿರುಗಲೇಬೇಕಲ್ಲವೇ? ಕಾಮನ್ ಸೆನ್ಸ್!

ಇನ್ನು ನಫೀಸಾ. ಮೈಸೂರಿನ ಕಾನ್ವೆಂಟಿನಲ್ಲಿ ನನಗಿಂತ ಐದು ಕ್ಲಾಸು ಕೆಳಗೆ ಓದಿದವಳು. ಅಲ್ಲಿ ನಾನು ಸೀನಿಯರ್ ಎಂಬ ಜಂಬದಲ್ಲಿ ಅವಳ ಕಡೆ ತಿರುಗಿಯೂ ನೋಡಿರಲಿಲ್ಲ. ಇಲ್ಲಿ ರಾಲಿಯ ತರಕಾರಿ ಅಂಗಡಿಯಲ್ಲಿ, ಇಬ್ಬರೂ ಒಂದೇ ಕೊತ್ತಂಬರಿ ಕಟ್ಟಿಗೆ ಕೈ ಹಾಕಿದಾಗ ಸಿಕ್ಕಳು. ಅವತ್ತಿಂದ ನಾನು ಅವಳಿಗೆ ಅಕ್ಕ. ಮೈಸೂರಿನಲ್ಲಿ ಅವಳು ಡಾಕ್ಟರ್. ಅವಳು ವಾರ್ಡಿಗೆ ಬಂದರೆ ರೋಗಿಗಳು ಎದ್ದು ಕೂರುತ್ತಿದ್ದರಂತೆ. ಇಲ್ಲಿಗೆ ಬಂದ ಮೇಲೆ ಆ ಡಿಗ್ರಿ ಸಾಲದು, ಮತ್ತೆ ಪರೀಕ್ಷೆ, ಆಮೇಲೆ ಯಾವುದಾದರೂ ಆಸ್ಪತ್ರೆಯಲ್ಲಿ ರೆಸಿಡೆನ್ಸಿ ಎಂಬ ತರಬೇತಿ. ನಮ್ಮ ಡೈನಿಂಗ್ ಟೇಬಲ್ಲಿನ ಮೇಲೆ ದಪ್ಪ ದಪ್ಪ ಪುಸ್ತಕ ಹರಡಿಕೊಂಡು, ಕಾಲೇಜು ಹುಡುಗಿಯ ಹಾಗೆ ಕಾಲು ಮಡಚಿ ಕೂತು, ಮೊದಲಿಂದ ಎಲ್ಲ ಓದಿದಳು. ಗೊಣಗಿದ್ದನ್ನು ನಾನು ಕೇಳಲಿಲ್ಲ. ನಾನಾಗಿದ್ದರೆ ಮೊದಲ ಪುಸ್ತಕದ ಮುನ್ನುಡಿಯಲ್ಲೇ ಅತ್ತುಬಿಡುತ್ತಿದ್ದೆ.

ಪಾಸಾದಳು. ಬೇಕಾದಷ್ಟು ಕಡೆ ಅಪ್ಲೈ ಮಾಡಿದಳು. ಇಂಟರ್‌ವ್ಯೂಗೆ ಕರೆದದ್ದು ಒಂದೇ ಒಂದು ಆಸ್ಪತ್ರೆ, ವಾಷಿಂಗ್ಟನ್ನಿನಲ್ಲಿ. ಹಿಮದ ಸುದ್ದಿ ಬಂದ ತಕ್ಷಣ ವಿಮಾನ ಕ್ಯಾನ್ಸಲ್ ಆಯಿತು. ಅವಳ ಗಂಡ ಬಷೀರನಿಗೆ ಶಾರ್ಲಟ್ ಎಂಬ ಊರಿನ ಬ್ಯಾಂಕಿನಲ್ಲಿ ಕೆಲಸ, ವಾರವೆಲ್ಲ ಅಲ್ಲೇ. ಇದ್ದ ಒಂದು ಕಾರೂ ಅವನ ಬಳಿ. ಉಳಿದದ್ದು ರೈಲು. ಬೆಳಿಗ್ಗೆ ರಾಲಿಯಲ್ಲಿ ಹತ್ತಿದರೆ ಸಂಜೆಗೆ ವಾಷಿಂಗ್ಟನ್, ಮರುದಿನ ಇಂಟರ್‌ವ್ಯೂ. ಹಿಂದಿನ ಸಂಜೆಯೇ ಸೂಟ್‌ಕೇಸ್ ಹಿಡಿದು ನಮ್ಮ ಮನೆಗೆ ಬಂದಳು.

"ಅಕ್ಕಾ, ಇದೊಂದು ತಪ್ಪಿಹೋದ್ರೆ ಮುಗೀತು. ಇನ್ನು ಡಾಕ್ಟರ್ ಅನ್ನೋ ಆಸೆ ಬಿಟ್ಬಿಡ್ತೀನಿ," ಅಂದಳು ಊಟ ಮಾಡುತ್ತಾ. ಹಪ್ಪಳ ಮುರಿದಷ್ಟು ಹಗುರಾಗಿ ಅಂದಳು. ಆದರೆ ಆ ಹಪ್ಪಳವನ್ನು ತಿನ್ನಲಿಲ್ಲ.

"ತಪ್ಪೋದು ಯಾಕೆ?"

"ಈಗ್ಲೇ ಟ್ಯಾಕ್ಸಿಗೆ ಹೇಳಿಬಿಡೋಣ್ವಾ?"

"ಟ್ಯಾಕ್ಸಿ? ನಾನಿಲ್ವಾ? ನನ್ನ ಕಾರಿಲ್ವಾ? ನೀನು ಸುಮ್ನೆ ಮಲಕ್ಕೋ. ನಾನಿದ್ದೀನಿ!"

ಆ ಸಂಜೆ ನಾನು 'ನಾನಿದ್ದೀನಿ' ಎಂಬ ಪದವನ್ನು ಎಷ್ಟು ಸಲ ಬಳಸಿದೆನೋ, ದೇವರು ಕೂಡ ತನ್ನ ಭಕ್ತರಿಗೆ ಅಷ್ಟು ಸಲ ಹೇಳಿರಲಾರ.

ಬೆಳಿಗ್ಗೆ ಎದ್ದು ಪರದೆ ಸರಿಸಿದರೆ ಊರೆಲ್ಲ ಬಿಳಿ! ಉದುರುತ್ತಲೂ ಇತ್ತು. ನ್ಯೂಯಾರ್ಕಿನವರಿಗೆ ಇದು ಹಿಮವೇ ಅಲ್ಲ. ನಮ್ಮ ರಾಲಿಯಲ್ಲಿ ಮಾತ್ರ ನಾಲ್ಕು ಬೆರಳು ಹಿಮ ಬಿದ್ದರೆ ಸ್ಕೂಲು, ಆಫೀಸು, ಬ್ಯಾಂಕು ಎಲ್ಲಕ್ಕೂ ಸೂತಕ. ನಫೀಸಾ ಟ್ಯಾಕ್ಸಿಯವರಿಗೆ ಫೋನ್ ಮಾಡಿ ನೋಡಿದಳು. ಯಾರೂ ಎತ್ತಲಿಲ್ಲ.

"ನಾನಿದ್ದೀನಿ!" ಅಂದೆ.

ಶುಭಕಾರ್ಯಕ್ಕೆ ಕಳಿಸಲು ಹೋಗುವುದು. ನೈಟಿಯಲ್ಲಿ ಹೋಗಲಾಗುತ್ತದೆಯೇ? ನೀಲಿ ಮೈಸೂರು ಸಿಲ್ಕ್ ಉಟ್ಟೆ, ಕಾಲಿಗೆ ಸ್ನೀಕರ್ಸ್, ಮೇಲೆ ಯಜಮಾನರ ಉದ್ದನೆಯ ರೇನ್‌ಕೋಟ್. ಬಾಗಿಲು ತೆಗೆದರೆ ಹೊಸ್ತಿಲಿಂದ ರಸ್ತೆಯವರೆಗೂ ಇಳಿಜಾರಿನ ಡ್ರೈವ್‌ವೇ ಹಿಮ ಹೊದ್ದು ಮಲಗಿದೆ. ಆಗ ನನ್ನೊಳಗಿನ ಮೈಸೂರು ಎಚ್ಚೆತ್ತುಕೊಂಡಿತು. ಪ್ರಯಾಣ ಹೊರಡುವ ಬೆಳಿಗ್ಗೆ ಏನು ಮಾಡುತ್ತಾರೆ? ಅಂಗಳಕ್ಕೆ ನೀರು ಹಾಕುತ್ತಾರೆ! ಬಿಸಿನೀರು ಹಾಕಿದರೆ ಹಿಮವೂ ಕರಗುತ್ತದೆ, ಅಂಗಳವೂ ಶುದ್ಧ. ಒಂದೇ ಕಲ್ಲಿಗೆ ಎರಡು ಹಣ್ಣು!

ಬಕೆಟ್ಟಿನ ಮೇಲೆ ಬಕೆಟ್ಟು ತಂದು ಸುರಿದೆ. ಆಹಾ, ಎಂಥ ದೃಶ್ಯ! ಬುಸ್ಸೆಂದು ಹೊಗೆ ಎದ್ದು, ಹಿಮವೆಲ್ಲ ಕರಗಿ, ಕಪ್ಪು ಡ್ರೈವ್‌ವೇ ಫಳಫಳ ಹೊಳೆಯಿತು. ಬಾಗಿಲ ಮುಂದೆ ಪುಟ್ಟದೊಂದು ರಂಗೋಲಿಯನ್ನೂ ಎಳೆದೆ. ಇಡೀ ಬೀದಿಯಲ್ಲಿ ನಮ್ಮ ಡ್ರೈವ್‌ವೇ ಒಂದೇ ಕ್ಲೀನ್. ಅಮೆರಿಕನ್ನರಿಗೆ ಇಷ್ಟು ವರ್ಷವಾದರೂ ಇದು ಹೊಳೆಯಲಿಲ್ಲವಲ್ಲ ಎಂದು ಮರುಗುತ್ತಾ ಒಳಗೆ ಹೋಗಿ ಕಾಫಿ ಬೆರೆಸಿದೆ.

ಕಾಫಿ ಕುಡಿದು ಹೊರಗೆ ಬಂದ ನಫೀಸಾ ಹೊಸ್ತಿಲಲ್ಲೇ ನಿಂತಳು.

"ಅಕ್ಕಾ... ಇಲ್ಲಿ ಯಾಕೆ ಕನ್ನಡಿ ಹಾಸಿದ್ದೀರಾ?"

ಸುರಿದ ನೀರೆಲ್ಲ ಮಂಜುಗಡ್ಡೆಯಾಗಿತ್ತು. ಅಮೆರಿಕನ್ನರಿಗೆ ಯಾಕೆ ಹೊಳೆಯಲಿಲ್ಲ ಎಂಬುದು ನನಗೆ ಆಗ ಹೊಳೆಯಿತು.

ಆದರೂ ಧೈರ್ಯಗೆಡಲಿಲ್ಲ. ಗರಾಜಿನಲ್ಲಿ ಕಾರಿನ ಚಕ್ರಕ್ಕೆ ನಿಂಬೆಹಣ್ಣು ಇಟ್ಟು, ರಿವರ್ಸ್ ಹಾಕಿದೆ. ಹಣ್ಣು ಪಚ್ಚೆಂದು ಒಡೆಯಿತು. ಅವತ್ತು ಕ್ರಮಬದ್ಧವಾಗಿ ನಡೆದ ಕೆಲಸ ಅದೊಂದೇ. ನಫೀಸಾ ಹುಲ್ಲಿನ ಅಂಚಿನಲ್ಲಿ ಸೂಟ್‌ಕೇಸ್ ಹಿಡಿದು ನಿಂತು "ಬರ್ಲಿ... ಬರ್ಲಿ... ನಿಧಾನ..." ಎಂದು ಕೈ ಬೀಸುತ್ತಿದ್ದಳು. ಹಿಂದಿನ ಚಕ್ರ ಗರಾಜಿನ ಸಿಮೆಂಟು ದಾಟಿ ನನ್ನ ಪವಿತ್ರ ಅಂಗಳವನ್ನು ಮುಟ್ಟಿತು, ನೋಡಿ...

"ನಿಲ್ಸಿ ಅಕ್ಕಾ!"

ಬ್ರೇಕಿನ ಮೇಲೆ ಎದ್ದು ನಿಂತೆ. ಕಾರು ನನ್ನ ಮಾತು ಕೇಳುವ ಸ್ಥಿತಿಯಲ್ಲಿರಲಿಲ್ಲ. ಅದು ಅವಸರವಿಲ್ಲದೆ, ಭರತನಾಟ್ಯದ ಅರಂಗೇಟ್ರಂ ಮಾಡುವವಳಂತೆ, ಹಿಮ್ಮುಖವಾಗಿ ಜಾರುತ್ತಾ ಅರ್ಧ ಸುತ್ತು ತಿರುಗಿತು. ಮನೆ ಹೋಯಿತು, ನಫೀಸಾ ಹೋದಳು, ರಸ್ತೆ ಬಂತು, ಪಕ್ಕದ ಮನೆ ಬಂತು! ಪಕ್ಕದ ಮನೆಯ ಡಾರ್ಲೀನ್ ಕ್ರಿಸ್‌ಮಸ್ಸಿಗೆ ನಿಲ್ಲಿಸಿದ್ದ ಪ್ಲಾಸ್ಟಿಕ್ ಜಿಂಕೆ ಇನ್ನೂ ಅಲ್ಲೇ ಇತ್ತು. ಅದು ನನ್ನನ್ನು ನೋಡಿತು. ನಾನು ಅದನ್ನು ನೋಡಿದೆ. ಆಮೇಲೆ ಅದು ಇರಲಿಲ್ಲ.

ಕಾರು ನಿಂತದ್ದು ಡಾರ್ಲೀನಳ ಹುಲ್ಲುಹಾಸಿನ ಮೇಲೆ. ಗೀರು ಕೂಡ ಬಿದ್ದಿರಲಿಲ್ಲ. ಎಷ್ಟು ನಯವಾಗಿ ತಿರುಗಿತ್ತು ಅಂತೀರಾ! ಆ ಕ್ಷಣದಲ್ಲೂ ನನಗೆ ಅದರ ಮೇಲೆ ಹೆಮ್ಮೆಯೇ ಆಯಿತು. ಮೊದಲ ಗೇರ್ ಹಾಕಿ ಆಕ್ಸಿಲರೇಟರ್ ಒತ್ತಿದೆ.

ಜುಂಯ್ಯ್ಯ್ಯ್...

ಇನ್ನೂ ಜೋರಾಗಿ ಒತ್ತಿದೆ. ಇನ್ನೂ ಜೋರಾಗಿ ಜುಂಯ್. ಚಕ್ರ ತನ್ನ ಗೋರಿಯನ್ನು ತಾನೇ ತೋಡಿಕೊಳ್ಳುತ್ತಿತ್ತು.

ಡಾರ್ಲೀನ್ ಡ್ರೆಸಿಂಗ್ ಗೌನಿನಲ್ಲೇ ಹೊರಗೆ ಬಂದಳು. ಎಪ್ಪತ್ತರ ಹತ್ತಿರದ ಹೆಂಗಸು. ಹತ್ತಿ ಬಿಡಿಸಿದಂಥ ತಲೆಗೂದಲು, 'ಯೂ ಆಲ್' ಅನ್ನು 'ಯಾಲ್' ಅನ್ನುವ ಈ ಸೀಮೆಯ ಇಂಗ್ಲಿಷ್, ತುಟಿಗೆ ಬೆಳಗಿನ ಲಿಪ್‌ಸ್ಟಿಕ್.

"ಹನಿ, ಆರ್ ಯು ಆಲ್ ರೈಟ್? ಡೂ ಯಾಲ್ ನೀಡ್..."

ಅವಳಿಗೆ ವಾಕ್ಯ ಮುಗಿಸಲು ನಾನು ಅವಕಾಶ ಕೊಟ್ಟರೆ ತಾನೇ? ಪರರಿಗೆ ತೊಂದರೆ ಕೊಡುವುದು ಸಭ್ಯ ಹೆಣ್ಣುಮಕ್ಕಳ ಲಕ್ಷಣವಲ್ಲ ಎಂದು ನಮ್ಮ ಕಾನ್ವೆಂಟಿನ ಸಿಸ್ಟರ್ ಅಗಸ್ಟಿನಾ ಮೊಣಕೈಗೆ ಸ್ಕೇಲಿನಲ್ಲಿ ಹೊಡೆದು ಕಲಿಸಿದ್ದರು. ಕಿಟಕಿ ಇಳಿಸಿ, ಬೆನ್ನು ನೆಟ್ಟಗೆ ಮಾಡಿ, ಶುದ್ಧ ಕಾನ್ವೆಂಟ್ ಇಂಗ್ಲಿಷಿನಲ್ಲಿ ಹೇಳಿದೆ: "ಐ ಡೂ ಬೆಗ್ ಯುವರ್ ಪಾರ್ಡನ್. ಎವೆರಿಥಿಂಗ್ ಈಸ್ ಪರ್ಫೆಕ್ಟ್‌ಲಿ ಅಂಡರ್ ಕಂಟ್ರೋಲ್!"

ಆಗ ಕಾರಿನ ಕೆಳಗಿಂದ ಜಿಂಕೆಯ ಒಂದು ಕೊಂಬು ಹೊರಗೆ ಇಣುಕುತ್ತಿತ್ತು.

"ಬ್ಲೆಸ್ ಯುವರ್ ಹಾರ್ಟ್," ಅಂದಳು ಡಾರ್ಲೀನ್.

"ನೋಡಿದ್ಯಾ? ಎಷ್ಟು ಒಳ್ಳೆಯವಳು. ಆಶೀರ್ವಾದ ಮಾಡಿದಳು."

"ಅಕ್ಕಾ, ಈ ಊರಲ್ಲಿ ಅದನ್ನ ಅಯ್ಯೋ ಪಾಪ ಅನ್ನೋಕೆ ಹೇಳ್ತಾರೆ," ಅಂದಳು ನಫೀಸಾ, ಸೂಟ್‌ಕೇಸನ್ನು ಡಿಕ್ಕಿಗೆ ತುರುಕುತ್ತಾ.

ನಾನು ಮನೆಯೊಳಗೆ ಓಡಿದೆ. ಅಂದರೆ, ಗೋಡೆ ಹಿಡಿದು ತೆವಳಿದೆ. ಅಡುಗೆಮನೆಯ ಫೋನಿನಿಂದ ಅಟ್ಲಾಂಟಾದ ಹೋಟೆಲಿಗೆ ಹಚ್ಚಿದೆ.

"ರೀ, ಸುಮ್ನೆ ಜನರಲ್ ನಾಲೆಡ್ಜ್‌ಗೆ ಕೇಳ್ತಿದ್ದೀನಿ. ಹಿಂದಿನ ಚಕ್ರದ ಕಾರು ಹಿಮದಲ್ಲಿ ಸಿಕ್ಕಿಹಾಕಿಕೊಂಡ್ರೆ ಏನ್ ಮಾಡ್ತಾರೆ?"

ಆ ಕಡೆ ಕಾಫಿ ಲೋಟ ಕೆಳಗಿಟ್ಟ ಸದ್ದು.

"ವಿಮಲಾ. ಕಾರ್ ಎಲ್ಲಿದೆ?"

"ಗರಾಜಿನ ಹತ್ರಾನೇ ಇದೆ." ಸುಳ್ಳಲ್ಲ. ಡಾರ್ಲೀನಳ ಹುಲ್ಲುಹಾಸು ನಮ್ಮ ಗರಾಜಿಗೆ ಹತ್ತಿರವೇ.

"ಹಿಂದೆ ಭಾರ ಹಾಕ್ತಾರೆ. ಮರಳಿನ ಚೀಲ, ಗೀಲ. ಯಾಕೆ? ಏನಾಯ್ತು? ವಿಮ..."

ಫೋನ್ ಇಟ್ಟೆ. ಭಾರ! ನಮ್ಮ ಮನೆಯಲ್ಲಿ ಮರಳಿನ ಚೀಲ ಎಲ್ಲಿಂದ ಬರಬೇಕು? ಆದರೆ ಭಾರಕ್ಕೆ ಬರವೇ? ಅಕ್ಕಿ ಚೀಲ ಬಂತು, ತೊಗರಿಬೇಳೆ ಬಂತು, ಕೊನೆಗೆ ಮನೆಯ ಅತ್ಯಂತ ಭಾರವಾದ ಆಸ್ತಿ, ಮೈಸೂರಿನಿಂದ ವಿಮಾನದಲ್ಲಿ ತಂದಿದ್ದ ವೆಟ್ ಗ್ರೈಂಡರ್! ಅದನ್ನು ಹಳೇ ಕಂಬಳಿಯ ಮೇಲೆ ಕೂರಿಸಿ ನನ್ನ ಅಂಗಳದ ಮೇಲೆ ನೂಕಿದೆ. ಅದೊಂದು ಮಾತ್ರ ಸಲೀಸಾಗಿ ಜಾರಿತು. ಡಿಕ್ಕಿಯಲ್ಲಿ ಜಾಗ ಸಾಲದೆ ಅಕ್ಕಿ ಚೀಲ ಸೀಟಿನ ಹಿಂದೆ ಹೋಯಿತು. ಗ್ರೈಂಡರಿಗೆ ಇನ್ನೂ ಸ್ವಲ್ಪ ಜಾಗ ಬೇಕಿತ್ತು. "ಒಂದು ನಿಮಿಷ" ಎಂದು ಏನನ್ನೋ ಎತ್ತಿ ಜಿಂಕೆಯ ಪಕ್ಕಕ್ಕೆ ಇಟ್ಟೆ. ಗ್ರೈಂಡರ್ ಕೂತಿತು. ಡಿಕ್ಕಿಯ ಬಾಗಿಲು ಟಕ್ ಎಂದು ಮುಚ್ಚಿಕೊಂಡಿತು. ಏನು ಕಾರು, ಸ್ವಾಮಿ!

ಮತ್ತೆ ಸ್ಟಿಯರಿಂಗ್ ಹಿಡಿದು ಕೂತೆ. ಜುಂಯ್ಯ್ಯ್. ಈ ಸಲ ತುಸು ಭಾರವಾದ ಜುಂಯ್.

ನಫೀಸಾ ಗಡಿಯಾರ ನೋಡಿದಳು. ಒಂದು ಕ್ಷಣ ಕಣ್ಣು ಮುಚ್ಚಿ ತೆರೆದಳು. ಆಮೇಲೆ ಕೈ ಚಾಚಿದಳು.

"ಅಕ್ಕಾ, ಇಳೀರಿ. ಕೀ ಕೊಡಿ."

"ನಿನಗೆ ಇದು ಬರಲ್ಲ ಕಣೇ! ಇದು ರಿಯರ್ ವೀಲ್ ಡ್ರೈವ್. ಎತ್ತು ಹಿಂದಿನಿಂದ..."

"ನಮ್ಮ ಅಬ್ಬಾ ಮೈಸೂರಲ್ಲಿ ಡ್ರೈವಿಂಗ್ ಸ್ಕೂಲ್ ಇಟ್ಟಿದ್ರು ಅಕ್ಕಾ. ಅವರ ಅಂಬಾಸಿಡರ್ರೂ ಹಿಂದಿನ ಚಕ್ರದ್ದೇ. ಮಳೆಗಾಲದಲ್ಲಿ ಕೆರೆ ಅಂಗಳಕ್ಕೆ ಕರ್ಕೊಂಡು ಹೋಗಿ, ಕೆಸರಲ್ಲಿ ಬಿಟ್ಟು, ಈಗ ಹೊರಗೆ ತಗೊಂಬಾ ನೋಡೋಣ ಅಂತಿದ್ರು. ಹಿಮ ಅಂದ್ರೆ ಬಿಳೀ ಕೆಸರು. ಅಷ್ಟೇ."

ನಾನು ಇಳಿದು ಕೀ ಕೊಟ್ಟೆ. "ಮತ್ತೆ ನಿನ್ನೆಯೇ ಯಾಕೆ ಹೇಳ್ಲಿಲ್ಲ?"

"ನೀವು ಕೇಳ್ಲಿಲ್ಲ. ಅಷ್ಟು ಖುಷಿಯಾಗಿ ನಾನಿದ್ದೀನಿ, ನಾನಿದ್ದೀನಿ ಅಂತಿದ್ರಿ. ನಿಮ್ಮ ಮನಸ್ಸು ನೋಯಿಸೋದು ಬೇಡ ಅಂತ..."

ಅವಳು ಚಕ್ರದ ಮುಂದೆ ಮಂಡಿಯೂರಿ ನೋಡಿದಳು, ರೋಗಿಯ ಹೊಟ್ಟೆ ಒತ್ತಿ ನೋಡುವ ಹಾಗೆ. "ಹಿಡಿತ ಬೇಕು. ಕಲ್ಲಿನ ಪುಡಿ ಥರದ್ದು ಏನಾದ್ರೂ ಇದ್ಯಾ?" ಅಂದಳು. ಇದ್ದೇ ಇತ್ತು! ರಂಗೋಲಿ ಪುಡಿಯ ದೊಡ್ಡ ಡಬ್ಬಿ ತಂದು ಸುರಿದೆ. ಅಷ್ಟರಲ್ಲಿ ಡಾರ್ಲೀನ್, ಇಂಥವರನ್ನು ಕೇಳಿ ಸಹಾಯ ಮಾಡಿದರೆ ಆಗದು ಎಂದು ತೀರ್ಮಾನಿಸಿದವಳಂತೆ, ಮಾತಿಲ್ಲದೆ ಒಂದು ಚೀಲ ತಂದಿಟ್ಟು ಒಳಗೆ ಹೋದಳು. ಬೆಕ್ಕು ಕಕ್ಕಸು ಮಾಡಲು ಹಾಕುವ ಹರಳು ಮಣ್ಣು! "ಶಿವ ಶಿವಾ" ಎಂದು ಹಿಂದೆ ಸರಿದೆ. "ಹೊಸಾದು ಅಕ್ಕಾ, ಸೀಲೇ ಒಡೆದಿಲ್ಲ," ಎಂದು ನಫೀಸಾ ಅದನ್ನೂ ಚಕ್ರದ ಹಿಂದೆ ಮುಂದೆ ಹರಡಿದಳು.

ಬಿಸ್ಮಿಲ್ಲಾ ಹೇಳಿ ಕೂತಳು. ಮೊದಲ ಗೇರ್ ಹಾಕಲಿಲ್ಲ, ನೇರ ಎರಡನೇ ಗೇರ್. ಕ್ಲಚ್ಚನ್ನು ಮಲಗಿದ ಮಗುವಿನ ಹೊದಿಕೆ ಸರಿಪಡಿಸುವಷ್ಟು ಮೆಲ್ಲಗೆ ಬಿಟ್ಟಳು. ಜುಂಯ್ ಇಲ್ಲ! ಕಾರು ಒಮ್ಮೆ ಮೈ ಅಲುಗಿಸಿ, ರಂಗೋಲಿಯನ್ನೂ ಬೆಕ್ಕಿನ ಮಣ್ಣನ್ನೂ ಒಟ್ಟಿಗೆ ಅರೆಯುತ್ತಾ ರಸ್ತೆಗೆ ಬಂತು. ನಾನು ಚಪ್ಪಾಳೆ ಹೊಡೆದೆ.

ಚಪ್ಪಾಳೆ ತುಸು ಬೇಗ ಆಯಿತು. ನಮ್ಮ ಬೀದಿ ತಗ್ಗಿನಲ್ಲಿತ್ತು. ದೊಡ್ಡ ರಸ್ತೆ ಸೇರಲು ಒಂದು ಏರು ಹತ್ತಬೇಕು. ಅರ್ಧ ಏರಿಗೆ ಕಾರಿನ ಹಿಂಭಾಗ ಆ ಕಡೆ ಈ ಕಡೆ ಸೊಂಟ ಕುಣಿಸತೊಡಗಿತು. ನಫೀಸಾ ಬ್ರೇಕ್ ಮುಟ್ಟದೆ, ಜಾರಿದ ಕಡೆಗೇ ಸ್ಟಿಯರಿಂಗ್ ತಿರುಗಿಸಿ, ಏನೂ ಆಗದವಳಂತೆ ಕಾರನ್ನು ನಿಧಾನವಾಗಿ ಕೆಳಕ್ಕೆ ಇಳಿಸಿದಳು.

"ಇನ್ನೂ ಭಾರ ಬೇಕು ಅಕ್ಕಾ. ಸರಿಯಾಗಿ ಹಿಂದಿನ ಚಕ್ರದ ಮೇಲೆ."

"ಇನ್ನೇನೂ ಇಲ್ಲ ಕಣೇ. ಗ್ರೈಂಡರ್ ಆಯ್ತು, ಅಕ್ಕಿ ಆಯ್ತು..."

ನಫೀಸಾ ನನ್ನ ಕಡೆ ತಿರುಗಿದಳು. ನನ್ನನ್ನು ನೋಡಿದಳು. ತಲೆಯಿಂದ ಕಾಲಿನವರೆಗೆ, ಬಹಳ ಗೌರವದಿಂದ, ಒಬ್ಬ ಡಾಕ್ಟರ್ ನೋಡುವ ಹಾಗೆ ನೋಡಿದಳು.

"ಬೇಡ," ಅಂದೆ.

"ಏರು ಹತ್ತೋವರೆಗೆ ಮಾತ್ರ. ನಡೆಯೋಷ್ಟೇ ಸ್ಪೀಡಲ್ಲಿ ಹೋಗ್ತೀನಿ."

ಟಾಪ್ ಮಡಚಲಾಯಿತು. ಕಾರಿನ ಹಿಂಭಾಗದ ಮೇಲೆ, ಗ್ರೈಂಡರಿನ ನೆತ್ತಿಗೆ ಸರಿಯಾಗಿ, ನಾನು ವಿರಾಜಮಾನಳಾದೆ. ಕಾಲು ಅಕ್ಕಿ ಚೀಲದ ಮೇಲೆ. ರೇನ್‌ಕೋಟಿನ ಕೆಳಗೆ ನೀಲಿ ರೇಷ್ಮೆಯ ಜರಿ ಅಂಚು. ಒಂದು ಕೈ ಸೀಟಿನ ಮೇಲೆ, ಇನ್ನೊಂದು ಕೈಯಲ್ಲಿ ಕಪ್ಪು ಕೊಡೆ. ಕಾರು ಹೊರಟಿತು. ಈ ಸಲ ಸೊಂಟ ಕುಣಿಸಲಿಲ್ಲ! ಪಟ್ಟದಾನೆಯ ಹಾಗೆ ಹೆಜ್ಜೆ ಹೆಜ್ಜೆಯಾಗಿ, ಗಂಭೀರವಾಗಿ ಏರು ಹತ್ತಿತು. ರಜೆ ಸಿಕ್ಕಿದ ಮನೆಯವರೆಲ್ಲ ಕಿಟಕಿಗೆ ಬಂದರು. ಯಾರೋ ಕೈ ಬೀಸಿದರು. ಬಾಲ್ಯದಲ್ಲಿ ಅಪ್ಪನ ಹೆಗಲ ಮೇಲೆ ಕೂತು ದಸರಾ ಮೆರವಣಿಗೆ ನೋಡಿದವಳು ನಾನು. ಅಂಬಾರಿಯ ಮೇಲಿಂದ ಜನ ಹೇಗೆ ಕಾಣುತ್ತಾರೆಂದು ಆಗ ಯೋಚಿಸಿರಲಿಲ್ಲ. ಕೊಡೆಯನ್ನು ಸರಿಮಾಡಿಕೊಂಡು ನಾನೂ ಕೈ ಬೀಸಿದೆ. ಏನು ಮಾಡಲಿ, ಬೀಸದಿದ್ದರೆ ಅಸಭ್ಯತೆ!

ದೊಡ್ಡ ರಸ್ತೆಗೆ ಉಪ್ಪು ಹಾಕಿದ್ದರು. ಅಂಬಾರಿಯಿಂದ ಇಳಿದು ಸೀಟಿಗೆ ಬಂದೆ. ಟಾಪ್ ಮುಚ್ಚಲು ಹೋದರೆ ಅದು ಮರಗಟ್ಟಿಹೋಗಿತ್ತು, ಜಪ್ಪಯ್ಯ ಅಂದರೂ ಏಳಲಿಲ್ಲ. ತೆರೆದ ಕಾರಿನಲ್ಲೇ ಹೋದೆವು. ಕೊಡೆ ಗಾಳಿಗೆ ಹೂವಾಗಿ ಅರಳಿ ಹಿಂದಕ್ಕೆ ಹಾರಿಹೋಯಿತು. ದಾರಿಯಲ್ಲಿ ನಮ್ಮ ಎರಡರಷ್ಟು ಎತ್ತರದ ಗಾಡಿಗಳು ಚರಂಡಿಗೆ ಮೂಗು ತೂರಿಸಿ ನಿಂತಿದ್ದವು. ಅವುಗಳ ನಡುವೆ ಆ ಪುಟ್ಟ ಕೆಂಪು ಕಾರು, ನಫೀಸಾಳ ಬೆರಳ ತುದಿಯಲ್ಲಿ, ನೂಲು ಹಿಡಿದ ಸೂಜಿಯ ಹಾಗೆ ನುಸುಳಿ ಹೋಯಿತು. ಅವಳ ರೆಪ್ಪೆಯ ಮೇಲೆ ಹಿಮ ಕೂತಿತ್ತು, ಅವಳು ರೆಪ್ಪೆ ಬಡಿಯುತ್ತಿರಲಿಲ್ಲ. ಇವಳ ಕೈಗೆ ಯಾರಾದರೂ ರೋಗಿಯನ್ನು ಕೊಡಬಾರದೇ ಎಂದು ನನಗೆ ಅನ್ನಿಸಿತು.

ಸ್ಟೇಷನ್ ತಲುಪಿದಾಗ ನಾವಿಬ್ಬರೂ ಆಗ ತಾನೇ ತಟ್ಟೆಯಿಂದ ತೆಗೆದ ಇಡ್ಲಿಗಳಂತಿದ್ದೆವು. ಓಡಿ ಒಳಗೆ ಹೋದರೆ ರೈಲು ಹೋಗಿರಲಿಲ್ಲ. ಬಂದೇ ಇರಲಿಲ್ಲ. ಹಿಮದಿಂದಾಗಿ ಲೇಟು!

"ಅಲ್ಹಮ್ದುಲಿಲ್ಲಾ," ಎಂದು ನಫೀಸಾ ಮೊದಲ ಬಾರಿಗೆ ನಕ್ಕಳು. "ಅಕ್ಕಾ, ಕೋಟು ಪೂರ್ತಿ ನೆಂದಿದೆ. ಡಿಕ್ಕಿಯಿಂದ ಸೂಟ್‌ಕೇಸ್ ತಗೊಂಬರ್ತೀನಿ."

ಡಿಕ್ಕಿ ತೆಗೆದಳು. ವೆಟ್ ಗ್ರೈಂಡರ್ ನಮ್ಮಿಬ್ಬರನ್ನೂ ಮುಗ್ಧವಾಗಿ ನೋಡಿತು.

ಜಿಂಕೆಯ ಪಕ್ಕಕ್ಕೆ ನಾನು ಎತ್ತಿ ಇಟ್ಟದ್ದು ಏನೆಂದು ಆಗ ನೆನಪಾಯಿತು. ಇಂಟರ್‌ವ್ಯೂಗೆಂದು ಹೊಲಿಸಿದ್ದ ಅವಳ ಕರಿಯ ಸೂಟು ಅದರಲ್ಲಿತ್ತು. ಸದ್ಯ, ಸರ್ಟಿಫಿಕೇಟುಗಳು ಅವಳ ಕೈಚೀಲದಲ್ಲಿದ್ದವು. ಲೋಕದಲ್ಲಿ ಇಂಟರ್‌ವ್ಯೂಗೆ ಸೂಟ್‌ಕೇಸ್ ಬಿಟ್ಟು ಗ್ರೈಂಡರ್ ಹೊತ್ತು ಬಂದವರು ನಾವಿಬ್ಬರೇ ಇರಬೇಕು.

ನನಗೆ ಅಳು ಬಂತು. "ನಫೀ, ನಾನು ಎಂಥಾ..."

ಅವಳು ನನ್ನನ್ನು ನೋಡುತ್ತಿರಲಿಲ್ಲ. ರೇನ್‌ಕೋಟಿನ ಕೆಳಗಿನ ಜರಿ ಅಂಚನ್ನು ನೋಡುತ್ತಿದ್ದಳು.

"ಅಕ್ಕಾ, ಸೀರೆ ಒಣಗೇ ಇದೆಯಲ್ಲಾ?"

ಲೇಡೀಸ್ ರೂಮಿನಲ್ಲಿ ವಸ್ತ್ರಾಪಹರಣ ಪ್ರಸಂಗ ನಡೆಯಿತು. ಬಿಸಿಗಾಳಿಯ ಯಂತ್ರದ ಕೆಳಗೆ ಅವಳ ಪ್ಯಾಂಟು ಒಣಗಿಸಿ, ಅದರ ಬೆಲ್ಟಿಗೇ ನೆರಿಗೆ ಸಿಕ್ಕಿಸಿದೆವು. ಅವಳ ಕಪ್ಪು ಸ್ವೆಟರೇ ರವಿಕೆ. ನನ್ನ ಬಳೆಗೆ ಸದಾ ನೇತಾಡುವ ಸೇಫ್ಟಿ ಪಿನ್ನುಗಳು ಅವತ್ತು ಜನ್ಮ ಸಾರ್ಥಕ ಮಾಡಿಕೊಂಡವು. ಕನ್ನಡಿಯ ಮುಂದೆ ನಿಂತಳು, ನೋಡಿ! ಕಪ್ಪು ಸ್ವೆಟರ್, ನೀಲಿ ರೇಷ್ಮೆ, ಹಿಮಕ್ಕೆ ಕೆಂಪಾದ ಕೆನ್ನೆ. ಆ ಕರಿಯ ಸೂಟಿನಲ್ಲಿ ಅವಳು ಎಲ್ಲರಂತೆ ಕಾಣುತ್ತಿದ್ದಳು. ಈಗ ಡಾಕ್ಟರ್ ನಫೀಸಾಳಂತೆ ಕಂಡಳು.

ರೈಲು ಬಂತು. "ನಾಳೆ ಸೆರಗು ಎಳೆದಾಡ್ಬೇಡ!" ಎಂದು ಕೂಗಿದೆ. ಹೋಯಿತು.

ಪ್ಲಾಟ್‌ಫಾರ್ಮಿನಲ್ಲಿ ಉಳಿದದ್ದು ನಾನು: ಲಂಗ, ರವಿಕೆ, ಯಜಮಾನರ ರೇನ್‌ಕೋಟು. ಆಗ ಸ್ಟೇಷನ್ ಎದುರಿಗೆ ಬೆಟ್ಟದಂಥ ಪಿಕಪ್ ಟ್ರಕ್ಕೊಂದು ಬಂದು ನಿಂತಿತು. ಬಾಗಿಲು ತೆರೆದು, ಸೂಟ್‌ಕೇಸ್ ಹಿಡಿದು ಇಳಿದದ್ದು ಡಾರ್ಲೀನ್!

"ಹನಿ, ಯಾಲ್ ಫರ್ಗಾಟ್ ದಿಸ್."

ಸೂಟ್‌ಕೇಸಿಗೆ ಕಟ್ಟಿದ್ದ ರೈಲಿನ ಚೀಟಿ ನೋಡಿ ಬೆನ್ನಟ್ಟಿ ಬಂದಿದ್ದಳು. ನಾನು ಆ ಟ್ರಕ್ಕನ್ನು ನೋಡಿದೆ. "ಡಾರ್ಲೀನ್, ಇದು... ನಾಲ್ಕೂ ಚಕ್ರ ತಿರುಗುವ ಗಾಡಿಯೇ?" ಎಂದು ಇಂಗ್ಲಿಷಿನಲ್ಲಿ ಕೇಳಿದೆ. ಹೌದಂತೆ. ವರ್ಷಗಳಿಂದ ಅವಳ ಮನೆಯ ಹಿಂದೆಯೇ ನಿಂತಿತ್ತಂತೆ. ಬೆಳಿಗ್ಗೆ ಗೌನಿನಲ್ಲಿ ಹೊರಗೆ ಬಂದದ್ದೇ ನಮ್ಮನ್ನು ಅದರಲ್ಲಿ ಹೋಗಬೇಕಾದಲ್ಲಿಗೆ ಬಿಡಲೇ ಎಂದು ಕೇಳಲು.

"ಬಟ್ ಯು ಸೆಡ್ ಎವೆರಿಥಿಂಗ್ ವಾಸ್ ಅಂಡರ್ ಕಂಟ್ರೋಲ್," ಅಂದಳು. ಅವಳ ಕಣ್ಣು ನನ್ನ ಲಂಗದ ಮೇಲಿತ್ತು. "ಬ್ಲೆಸ್ ಯುವರ್ ಹಾರ್ಟ್."

ಈ ಸಲ ನನಗೆ ಅರ್ಥವಾಯಿತು.

ಡಾರ್ಲೀನಳ ಟ್ರಕ್ಕಿನಲ್ಲೇ ಮನೆ ಸೇರಿದೆ. ಮರುದಿನ ಅಟ್ಲಾಂಟಾದಿಂದ ಬಂದ ಯಜಮಾನರನ್ನು ಸ್ಟೇಷನ್ನಿನ ಪಾರ್ಕಿಂಗಿಗೆ ಕರೆದೊಯ್ದೆ. ತೆರೆದ ಕಾರಿನ ತುಂಬ ಹಿಮ, ಕೆಂಪು ಡಬ್ಬಿಗೆ ಕಂಠಪೂರ್ತಿ ಮೊಸರನ್ನ ತುಂಬಿದ ಹಾಗೆ. ಅವರು ಅದನ್ನು ಬಹಳ ಹೊತ್ತು ನೋಡಿದರು. ಡಿಕ್ಕಿ ತೆಗೆದು ಗ್ರೈಂಡರನ್ನು ನೋಡಿದರು. ನನ್ನನ್ನು ನೋಡಿದರು. ಆಮೇಲೆ ಒಂದೇ ಮಾತು ಕೇಳಿದರು.

"ನಫೀಸಾ ಇಂಟರ್‌ವ್ಯೂ ಹೇಗಾಯ್ತು?"

ಚೆನ್ನಾಗಿ ಆಗಿತ್ತು. ಈ ಹಿಮದಲ್ಲಿ ಹೇಗೆ ಬಂದಿರಿ ಎಂದು ಅವರು ಕೇಳಿದ್ದರಂತೆ. ಅವಳು ಇದ್ದದ್ದು ಇದ್ದ ಹಾಗೆ ಹೇಳಿದ್ದಳಂತೆ. ಅಂಬಾರಿ ಪ್ರಸಂಗ ಬಂದಾಗ ಅಲ್ಲಿನ ದೊಡ್ಡ ಡಾಕ್ಟರು ಕನ್ನಡಕ ತೆಗೆದು ಕಣ್ಣು ಒರೆಸಿಕೊಂಡರಂತೆ. ಕೆಲಸ ಸಿಕ್ಕಿತು. ಬಷೀರನೂ ವಾಷಿಂಗ್ಟನ್ನಿಗೆ ಹೋದ. ನನ್ನ ಸೀರೆ ಮಾತ್ರ ವಾಪಸು ಬರಲಿಲ್ಲ. ನಾನೂ ಕೇಳಲಿಲ್ಲ.

ಅವಳನ್ನು ಕೊನೆಯ ಸಲ ನೋಡಿದ್ದು ವಾಷಿಂಗ್ಟನ್ನಿನಲ್ಲೇ, ಎಷ್ಟೋ ವರ್ಷಗಳ ಮೇಲೆ. ಆ ಹೊತ್ತಿಗೆ ಕೆಂಪು ಕಾರೂ ಇರಲಿಲ್ಲ, ಅದನ್ನು ತಂದವರೂ ಇರಲಿಲ್ಲ. ಅವಳ ಮನೆಯಲ್ಲಿ ನಾಲ್ಕು ದಿನ ಇದ್ದು ರಾಲಿಗೆ ಹೊರಟ ಬೆಳಿಗ್ಗೆ ಹಿಮ ಉದುರತೊಡಗಿತು. ಅವಳ ದೊಡ್ಡ ಗಾಡಿಯ ಮುಂದೆ ನಿಂತು ಕೇಳಿದೆ.

"ನಾನು ಡ್ರೈವ್ ಮಾಡ್ಲಾ?"

ಅವಳು ಹಿಂದಿನ ಬಾಗಿಲು ತೆಗೆದಳು. "ನೀವು ಇಲ್ಲಿ ಕೂತ್ಕೊಳ್ಳಿ ಅಕ್ಕಾ. ನಿಮ್ಮ ಜಾಗ ಇದು."

ಸ್ಟೇಷನ್ನಿನಲ್ಲಿ ನನ್ನನ್ನು ಕೈ ಹಿಡಿದು ಹತ್ತಿಸಿದಳು. ಕೋಟು ಬಿಚ್ಚಿ ತೋರಿಸಿದಾಗ ಕಂಡೆ: ಕಪ್ಪು ಸ್ವೆಟರಿನ ಮೇಲೆ ಅದೇ ನೀಲಿ ಸೀರೆ, ಮಡಿಕೆಯಲ್ಲಿ ಅಲ್ಲಲ್ಲಿ ನೂಲು ಬಿಟ್ಟಿತ್ತು. "ವಾಪಸ್ ಬೇಕಾ?" ಅಂದಳು. "ಇಂಟರ್‌ವ್ಯೂ ಇನ್ನೂ ಮುಗಿದಿಲ್ಲ, ಇಟ್ಕೋ," ಅಂದೆ. ಇಬ್ಬರೂ ನಕ್ಕೆವು. ಅವಳು ಪ್ಲಾಟ್‌ಫಾರ್ಮಿನಲ್ಲಿ ನಿಂತು, ಕೂದಲ ಮೇಲೆ ಹಿಮ ಬೀಳಿಸಿಕೊಳ್ಳುತ್ತಾ, ಅಂಬಾರಿಯ ಮೇಲಿಂದ ನಾನು ಬೀಸಿದ ಹಾಗೆಯೇ ನಿಧಾನವಾಗಿ ಕೈ ಬೀಸಿದಳು. ಕಿಟಕಿಯಿಂದ ಅವಳು ಚಿಕ್ಕ ನೀಲಿ ಚುಕ್ಕೆಯಾಗುವವರೆಗೂ ನೋಡಿದೆ.

ಅಷ್ಟು ಹಿಮದಲ್ಲೂ ರೈಲು ಒಂದಿಷ್ಟೂ ಜಾರದೆ ಹೊರಟಿತ್ತು. ಹೊರಡದೆ ಏನು ಮಾಡೀತು? ಕೊನೆಯ ಬೋಗಿಯಲ್ಲಿ ನಾನಿದ್ದೆನಲ್ಲ!